ಗರಡಿಯ ಹಾಲಿನಿಂದ ಡಬ್ಬಿಯ ಪುಡಿಯವರೆಗೆ

ಕಳೆದ ತಿಂಗಳು ಊರಿಗೆ ಹೋದಾಗ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ, ಕಪ್ಪು ಬಣ್ಣದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದು ಕೂತಿತ್ತು. ತಮ್ಮ ಆರು ತಿಂಗಳಿಂದ ಜಿಮ್ಮಿಗೆ ಹೋಗುತ್ತಿದ್ದಾನೆ. ಹೊಟ್ಟೆ ಕರಗಬೇಕು, ತೋಳು ತುಂಬಬೇಕು ಎಂಬುದು ಅವನ ಆಸೆ. ಅದಕ್ಕಾಗಿ ಅನ್ನವನ್ನೂ ಮುದ್ದೆಯನ್ನೂ ಬಿಟ್ಟು, ಬೆಳಿಗ್ಗೆ ಸಂಜೆ ಆ ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುತ್ತಿದ್ದ. ಡಬ್ಬಿಯ ಬೆಲೆ ಕೇಳಿ ಅಮ್ಮ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಅಲ್ಲ ಕಣೋ, ಇಪ್ಪತ್ತೆರಡು ವರ್ಷ ನಾನು ಬೇಯಿಸಿ ಹಾಕಿದ್ದರಲ್ಲಿ ಏನೂ ಇರಲಿಲ್ವಾ?"

ತಮ್ಮನ ಬಳಿ ಉತ್ತರವಿರಲಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ನನ್ನ ಬಳಿಯೂ ಇರಲಿಲ್ಲ. ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಅಮ್ಮನ ಪ್ರಶ್ನೆ ಹೊಸದಲ್ಲ. ಮೈ ಗಟ್ಟಿಯಾಗಲು ಏನನ್ನು, ಎಷ್ಟು ತಿನ್ನಬೇಕು ಎಂಬ ಬಗ್ಗೆ ರಾಜರು, ರಸಾಯನ ವಿಜ್ಞಾನಿಗಳು, ಸೇನೆಯ ವೈದ್ಯರು, ಕಡೆಗೆ ವ್ಯಾಪಾರಿಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಒಂದು ಕಾಲ ಕಿರೀಟ ತೊಡಿಸಿದ ಆಹಾರವನ್ನು ಇನ್ನೊಂದು ಕಾಲ ಕೆಳಗಿಳಿಸಿದೆ. ಆ ಏರಿಳಿತದ ಕಥೆ ಗೊತ್ತಿದ್ದರೆ ಡಬ್ಬಿಯ ಮುಂದೆಯೂ ತಟ್ಟೆಯ ಮುಂದೆಯೂ ದಿಕ್ಕುಗೆಡಬೇಕಾಗಿಲ್ಲ.

ರಾಜ ಕೊಟ್ಟ ಊಟ

ಈ ಕಥೆಯ ಒಂದು ಹಳೆಯ ಪುಟ ನಮ್ಮ ನೆಲದ್ದೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜನಾದವನು ತಿಳಿದಿರಬೇಕಾದ ವಿದ್ಯೆ, ವಿನೋದಗಳ ಕೋಶದಂತಿರುವ ಈ ಗ್ರಂಥದಲ್ಲಿ 'ಮಲ್ಲವಿನೋದ' ಎಂಬ ಅಧ್ಯಾಯವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸುವ ಕ್ರಮ, ಅವರು ಮಾಡಬೇಕಾದ ಅಂಗಸಾಧನೆ ಎಲ್ಲವೂ ಅಲ್ಲಿ ಬರುತ್ತವೆ. ಮಲ್ಲರ ಊಟದ ಹೊಣೆ ರಾಜನದು. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಮತ್ತು ಒಳ್ಳೆಯ ಸಿಹಿತಿನಿಸುಗಳನ್ನು ಅವರಿಗೆ ಒದಗಿಸಬೇಕು ಎಂದು ಗ್ರಂಥ ಹೇಳುತ್ತದೆ.

ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇಳೆ, ಮಾಂಸ, ಹಾಲು ಒಂದು ಕಡೆ. ಸಕ್ಕರೆ ಮತ್ತು ಸಿಹಿ ಇನ್ನೊಂದು ಕಡೆ. ಮೈ ಕಟ್ಟುವ ಪದಾರ್ಥವೂ ಇದೆ, ಮೈ ದುಡಿಸುವ ಪದಾರ್ಥವೂ ಇದೆ. ಯಾವುದನ್ನೂ ಬಿಟ್ಟಿಲ್ಲ. ಮುಂದೆ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಪೈಲ್ವಾನರ ಊಟವೆಂದರೆ ಹಾಲು, ತುಪ್ಪ, ಬಾದಾಮಿ ಎಂಬ ಮಾತು ಬೆಳೆಯಿತು. ಅದೂ ಇದೇ ದಾರಿಯದು. ದಿನಕ್ಕೆ ನೂರಾರು ಬಸ್ಕಿ, ದಂಡ ಹೊಡೆದು ಮಟ್ಟಿಯಲ್ಲಿ ಹೊರಳುವವನಿಗೆ ತುಪ್ಪದ ಜಿಡ್ಡು ಕರಗಿಹೋಗುತ್ತಿತ್ತು. ಅದೇ ತುಪ್ಪವನ್ನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನು ತಿಂದರೆ ಎಲ್ಲಿ ಸೇರುತ್ತದೆಂದು ಹೇಳಬೇಕಾಗಿಲ್ಲ. ಗರಡಿಯ ಊಟ ಗರಡಿಯ ದುಡಿಮೆಯೊಂದಿಗೇ ಅರ್ಥ ಪಡೆಯುತ್ತದೆ. ಈ ಮಾತನ್ನು ಪಾಶ್ಚಾತ್ಯ ವಿಜ್ಞಾನ ಕಂಡುಕೊಳ್ಳಲು ಬಹಳ ಕಾಲ ಬೇಕಾಯಿತು.

ಮೊದಲ ಪಟ್ಟ

1838ರಲ್ಲಿ ಡಚ್ ರಸಾಯನ ವಿಜ್ಞಾನಿ ಗೆರಾರ್ಡಸ್ ಮುಲ್ಡರ್, ಪ್ರಾಣಿ ಮತ್ತು ಸಸ್ಯಗಳಲ್ಲಿರುವ ಸಾರಜನಕಯುಕ್ತ ವಸ್ತುವೊಂದಕ್ಕೆ 'ಪ್ರೋಟೀನ್' ಎಂಬ ಹೆಸರನ್ನು ಬಳಕೆಗೆ ತಂದ. ಹೆಸರನ್ನು ಸೂಚಿಸಿದವನು ಸ್ವೀಡನ್ನಿನ ಹಿರಿಯ ವಿಜ್ಞಾನಿ ಬರ್ಜೀಲಿಯಸ್. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಮೊದಲನೆಯದು', 'ಪ್ರಧಾನವಾದುದು'. ನಮ್ಮ ಶಾಲಾ ಪುಸ್ತಕಗಳು ಅದನ್ನು ಸಸಾರಜನಕ ಎಂದು ಕರೆದವು. ಹೆಸರಿನಲ್ಲೇ ಪಟ್ಟಾಭಿಷೇಕ ನಡೆದುಹೋಗಿತ್ತು.

ಆ ಪಟ್ಟವನ್ನು ಗಟ್ಟಿ ಮಾಡಿದವನು ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್. 1842ರಲ್ಲಿ ಪ್ರಕಟಿಸಿದ ಪ್ರಾಣಿ ರಸಾಯನಶಾಸ್ತ್ರದ ಗ್ರಂಥದಲ್ಲಿ ಅವನು ಆಹಾರವನ್ನು ಎರಡಾಗಿ ಒಡೆದ. ಸಸಾರಜನಕ ದೇಹ ಕಟ್ಟುವ ಆಹಾರ. ಪಿಷ್ಟ, ಸಕ್ಕರೆ, ಜಿಡ್ಡು ಮೈ ಬೆಚ್ಚಗಿಡುವ ಆಹಾರ. ಇಲ್ಲಿಯವರೆಗೆ ಅಷ್ಟೇನೂ ತಪ್ಪಿಲ್ಲ. ಆದರೆ ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. ಸ್ನಾಯು ಕೆಲಸ ಮಾಡುವಾಗ ತನ್ನನ್ನು ತಾನೇ ಉರಿಸಿಕೊಳ್ಳುತ್ತದೆ, ಆದ್ದರಿಂದ ಹೆಚ್ಚು ದುಡಿಯುವವನು ಹೆಚ್ಚು ಮಾಂಸ ತಿನ್ನಬೇಕು ಎಂದ. ಲೀಬಿಗ್‌ನ ಕೀರ್ತಿ ಎಷ್ಟು ದೊಡ್ಡದಾಗಿತ್ತೆಂದರೆ ಇಪ್ಪತ್ತು ವರ್ಷಗಳ ಕಾಲ ಅವನ ಮಾತೇ ಶಾಸ್ತ್ರವಾಯಿತು. ಅವನ ಹೆಸರಿನಲ್ಲಿ ಮಾಂಸದ ಸಾರವನ್ನು ಡಬ್ಬಿಯಲ್ಲಿ ತುಂಬಿ ಮಾರುವ ಕಂಪನಿಯೂ 1865ರಲ್ಲಿ ಹುಟ್ಟಿತು. ಬಲವನ್ನು ಡಬ್ಬಿಯಲ್ಲಿ ಮಾರುವ ವ್ಯಾಪಾರ ಇಂದು ನಿನ್ನೆಯದಲ್ಲ.

ಬೆಟ್ಟ ಹತ್ತಿದ ಇಬ್ಬರು

ಅದೇ 1865ರ ಆಗಸ್ಟ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ಪ್ರಾಧ್ಯಾಪಕರು ಲೀಬಿಗ್‌ನ ಮಾತನ್ನು ಕಾಲ್ನಡಿಗೆಯಲ್ಲೇ ಪರೀಕ್ಷಿಸಲು ಹೊರಟರು. ಒಬ್ಬ ಶರೀರಶಾಸ್ತ್ರಜ್ಞ ಅಡಾಲ್ಫ್ ಫಿಕ್, ಇನ್ನೊಬ್ಬ ರಸಾಯನ ವಿಜ್ಞಾನಿ ಯೋಹಾನೆಸ್ ವಿಸ್ಲಿಸೆನುಸ್. ಹತ್ತಬೇಕಾಗಿದ್ದ ಬೆಟ್ಟದ ಹೆಸರು ಫೌಲ್‌ಹಾರ್ನ್. ಸರೋವರದ ದಡದಿಂದ ತುದಿಗೆ ಏರಿಕೆ ಸುಮಾರು 1,950 ಮೀಟರ್. ಏರುವ ಹದಿನೇಳು ಗಂಟೆ ಮೊದಲೇ ಅವರು ಸಸಾರಜನಕವಿರುವ ಆಹಾರವನ್ನೆಲ್ಲ ನಿಲ್ಲಿಸಿದರು. ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು ಮತ್ತು ಸಕ್ಕರೆ ಹಾಕಿದ ಚಹಾ, ಇಷ್ಟೇ ಅವರ ಬುತ್ತಿ. ದಾರಿಯುದ್ದಕ್ಕೂ ಮೂತ್ರವನ್ನು ಸಂಗ್ರಹಿಸಿ, ಅದರಲ್ಲಿದ್ದ ಸಾರಜನಕದಿಂದ ದೇಹದಲ್ಲಿ ಎಷ್ಟು ಸಸಾರಜನಕ ಒಡೆದಿದೆ ಎಂದು ಲೆಕ್ಕ ಹಾಕಿದರು.

ಫಲಿತಾಂಶ ಸ್ಪಷ್ಟವಾಗಿತ್ತು. ಮರುವರ್ಷ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಆಹಾರ ಪದಾರ್ಥಗಳನ್ನು ಉರಿಸಿ ಅವುಗಳ ಶಕ್ತಿಯನ್ನು ಅಳೆದಾಗ ಲೆಕ್ಕ ಪೂರ್ತಿಯಾಯಿತು. ಒಡೆದ ಸಸಾರಜನಕ ಆ ಏರಿಕೆಗೆ ಬೇಕಾದ ಶಕ್ತಿಯನ್ನು ಕೊಡಲು ಸಾಧ್ಯವೇ ಇರಲಿಲ್ಲ. ಬೆಟ್ಟ ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು. ಸ್ನಾಯು ಒಂದು ಯಂತ್ರ. ಯಂತ್ರ ಮಾಡಿದ ಲೋಹ ಬೇರೆ, ಅದಕ್ಕೆ ಹಾಕುವ ಸೌದೆ ಬೇರೆ. ಇಂದಿಗೂ ಜಿಮ್ಮಿನಲ್ಲಿ ಅನ್ನ ಬಿಟ್ಟು ಬರೀ ಪುಡಿ ಕುಡಿಯುವ ಹುಡುಗರು ಮರೆಯುವುದು ಈ ಎರಡರ ವ್ಯತ್ಯಾಸವನ್ನೇ.

ತಾಮ್ರದ ಕೋಣೆ, ಲೆಕ್ಕದ ಪುಸ್ತಕ

ಹಾಗಾದರೆ ಯಾವುದು ಎಷ್ಟು ಬೇಕು? ಮ್ಯೂನಿಕ್ ನಗರದ ಕಾರ್ಲ್ ಫಾನ್ ಫಾಯ್ಟ್, ಸಾಧಾರಣ ದುಡಿಮೆಯ ಕಾರ್ಮಿಕನಿಗೆ ದಿನಕ್ಕೆ 118 ಗ್ರಾಂ ಸಸಾರಜನಕ ಬೇಕು ಎಂದ. ಅವನ ಬಳಿ ಕಲಿತುಹೋದ ಅಮೆರಿಕದ ವಿಲ್ಬರ್ ಆಟ್‌ವಾಟರ್, 1890ರ ದಶಕದಲ್ಲಿ ಮನುಷ್ಯನನ್ನೇ ಒಳಗೆ ಕೂರಿಸಿ ಅಳೆಯುವ ತಾಮ್ರದ ಕೋಣೆಯೊಂದನ್ನು ಕಟ್ಟಿಸಿದ. ಒಳಗಿದ್ದವನು ದಿನಗಟ್ಟಲೆ ಅಲ್ಲೇ ಉಂಡು, ಮಲಗಿ, ಸೈಕಲ್ ತುಳಿಯುತ್ತಿದ್ದ. ಅವನ ಉಸಿರು, ಮೈಬಿಸಿ, ಊಟ, ವಿಸರ್ಜನೆ ಎಲ್ಲವೂ ಲೆಕ್ಕಕ್ಕೆ ಸೇರುತ್ತಿದ್ದವು. ಇಂತಹ ಪ್ರಯೋಗಗಳಿಂದ ಸಿಕ್ಕ ಸರಳ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಒಂದು ಗ್ರಾಂ ಸಸಾರಜನಕಕ್ಕೆ 4 ಕ್ಯಾಲೊರಿ, ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4, ಒಂದು ಗ್ರಾಂ ಕೊಬ್ಬಿಗೆ 9. ಬಿಸ್ಕತ್ತಿನ ಪೊಟ್ಟಣದ ಹಿಂಭಾಗದಲ್ಲಿ ನಾವು ಓದುವ ಅಂಕಿಗಳ ಮೂಲ ಆ ಕೋಣೆಯಲ್ಲಿದೆ.

ಈ ಕೋಣೆ ಇನ್ನೊಂದು ಸತ್ಯವನ್ನೂ ಖಚಿತಪಡಿಸಿತು. ಒಳಗೆ ಹೋದ ಶಕ್ತಿ ಖರ್ಚಾಗಬೇಕು, ಇಲ್ಲವೇ ಮೈಯಲ್ಲಿ ಉಳಿಯಬೇಕು. ಮೂರನೆಯ ದಾರಿಯಿಲ್ಲ. ಖರ್ಚಿಗಿಂತ ಕಡಿಮೆ ತಿಂದರೆ ಮಾತ್ರ ಕೂಡಿಟ್ಟ ಕೊಬ್ಬು ಕರಗುತ್ತದೆ.

1904ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡೆನ್ ಎಲ್ಲರಿಗೂ ಆಘಾತ ಕೊಟ್ಟ. ತಾನು, ತನ್ನ ಸಹೋದ್ಯೋಗಿಗಳು, ಸೈನಿಕರ ಒಂದು ತಂಡ, ವಿಶ್ವವಿದ್ಯಾಲಯದ ಕ್ರೀಡಾಪಟುಗಳು ಇವರೆಲ್ಲರ ಸಸಾರಜನಕವನ್ನು ಫಾಯ್ಟ್ ಹೇಳಿದ್ದರ ಅರ್ಧಕ್ಕೂ ಇಳಿಸಿ ತಿಂಗಳುಗಟ್ಟಲೆ ಪರೀಕ್ಷಿಸಿದ. ಯಾರೂ ಸೊರಗಲಿಲ್ಲ. ಬಲದ ಪರೀಕ್ಷೆಗಳಲ್ಲಿ ಸೈನಿಕರ ಅಂಕಗಳು ಏರಿದವು. ಆದರೆ ಆ ಸೈನಿಕರು ಅದೇ ಅವಧಿಯಲ್ಲಿ ದಿನವೂ ವ್ಯಾಯಾಮಶಾಲೆಯಲ್ಲಿ ಸಾಧನೆ ಮಾಡುತ್ತಿದ್ದರು. ಬಲ ಬಂದದ್ದು ಊಟ ಕಡಿಮೆಯಾದದ್ದರಿಂದಲೋ, ಕಸರತ್ತಿನಿಂದಲೋ? ಕಸರತ್ತಿನ ಪಾಲು ದೊಡ್ಡದೆಂದು ಇಂದು ಹೇಳಬಹುದು. ಸ್ನಾಯುವಿಗೆ ಮೊದಲು ಬೇಕಾದದ್ದು ಕೆಲಸ, ಊಟ ಆಮೇಲಿನದು.

ಇಲಿಗಳಿಗೆ ಕನ್ನಡಿಗರ ಊಟ

ಇದೇ ಹೊತ್ತಿನಲ್ಲಿ ವಾದ ಭಾರತಕ್ಕೂ ಬಂತು, ಸ್ವಲ್ಪ ಕಹಿಯಾಗಿಯೇ ಬಂತು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಮೇಜರ್ ಮೆಕೇ, ಜೈಲುಗಳ ಊಟವನ್ನು ಅಧ್ಯಯನ ಮಾಡಿ 1912ರಲ್ಲಿ ಪುಸ್ತಕ ಬರೆದ. ಬಂಗಾಳಿಗಳ ಊಟದಲ್ಲಿ ಸಸಾರಜನಕ ಕಡಿಮೆ, ಆದ್ದರಿಂದಲೇ ಅವರ ದೇಹಬಲವೂ ಕಡಿಮೆ ಎಂಬುದು ಅವನ ವಾದ. ಆಳುವವರು ಮಾಂಸ ತಿನ್ನುವವರು, ಆಳಿಸಿಕೊಳ್ಳುವವರು ಅನ್ನ ತಿನ್ನುವವರು ಎಂಬ ಸಮಾಧಾನ ಅದರೊಳಗೆ ಅಡಗಿತ್ತು. ಬಡತನ, ಮಲೇರಿಯಾ, ಹೊಟ್ಟೆ ತುಂಬ ಸಿಗದ ಊಟ ಇವು ಆ ವಾದದಲ್ಲಿ ಹಿಂದೆ ಸರಿದವು.

ನೀಲಗಿರಿಯ ಕೂನೂರಿನಲ್ಲಿ ಪ್ರಯೋಗಶಾಲೆ ನಡೆಸುತ್ತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ 1920ರ ದಶಕದಲ್ಲಿ ಈ ಪ್ರಶ್ನೆಯನ್ನು ಇಲಿಗಳ ಮೇಲೆ ಪರೀಕ್ಷಿಸಿದ. ಸಿಖ್, ಪಠಾಣ, ಮರಾಠ, ಗೂರ್ಖಾ, ಬಂಗಾಳಿ, ಮದರಾಸಿ ಹೀಗೆ ಒಂದೊಂದು ಗುಂಪಿನ ಇಲಿಗಳಿಗೆ ಒಂದೊಂದು ಪ್ರಾಂತದ ಊಟ. ಆ ಏಳು ಗುಂಪುಗಳಲ್ಲಿ ಒಂದು ಕನ್ನಡಿಗರ ಊಟದ್ದು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳಿದ್ದ ಸಿಖ್ಖರ ಊಟ ತಿಂದ ಇಲಿಗಳು ಎಲ್ಲರಿಗಿಂತ ಚೆನ್ನಾಗಿ ಬೆಳೆದವು. ಪಾಲಿಶ್ ಅಕ್ಕಿಯೇ ಮುಖ್ಯವಾಗಿದ್ದ ಮದರಾಸಿನ ಊಟ ತಿಂದವು ಕೊನೆಗೆ ನಿಂತವು. ಕನ್ನಡಿಗರ ಊಟದ ಇಲಿಗಳೂ ಹಿಂದಿನ ಸಾಲಿನಲ್ಲೇ ಇದ್ದವು.

ಇದನ್ನು ಓದಿ ಬೇಸರಪಡುವ ಮೊದಲು ಮೆಕ್‌ಕ್ಯಾರಿಸನ್ ಕಂಡುಕೊಂಡದ್ದನ್ನು ಗಮನಿಸಬೇಕು. ಅವನು ದೂರಿದ್ದು ಜನಾಂಗವನ್ನಲ್ಲ, ತಟ್ಟೆಯನ್ನು. ಹೆಚ್ಚು ಪಾಲಿಶ್ ಮಾಡದ ಧಾನ್ಯ, ಹಾಲು, ಬೇಳೆ, ಸೊಪ್ಪು ತರಕಾರಿ ಕೂಡಿದರೆ ಊಟ ಪೂರ್ಣವಾಗುತ್ತದೆ ಎಂಬುದು ಅವನ ತೀರ್ಮಾನ. ಒಂದು ಪದಾರ್ಥಕ್ಕೆ ಪಟ್ಟ ಕಟ್ಟುವ ಕಾಲದಲ್ಲಿ ಅವನು ಇಡೀ ಊಟವನ್ನು ನೋಡಿದ. ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಮೈ ಬಲದ ಅವಮಾನಕ್ಕೆ ಉತ್ತರ ಕೊಡಲು ಇನ್ನು ಕೆಲವರು ಕಬ್ಬಿಣ ಹಿಡಿದರು. ದೇಹದಾರ್ಢ್ಯದ ಜಗತ್ಪ್ರಸಿದ್ಧ ಯೂಜೀನ್ ಸ್ಯಾಂಡೋ 1904-05ರಲ್ಲಿ ಭಾರತಕ್ಕೆ ಬಂದು ಪ್ರದರ್ಶನ ಕೊಟ್ಟಿದ್ದ. ಅವನ ಹೆಸರು ನಮ್ಮಲ್ಲಿ ಎಷ್ಟು ಬೇರೂರಿತೆಂದರೆ ತೋಳಿಲ್ಲದ ಬನಿಯನ್ನಿಗೆ ಇಂದಿಗೂ ಸ್ಯಾಂಡೋ ಬನಿಯನ್ ಎನ್ನುತ್ತೇವೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. 1930ರಲ್ಲಿ ದೇಹದಾರ್ಢ್ಯದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾರ್‌ಬೆಲ್ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸಾಧನೆಯಲ್ಲಿ ಸೇರಿಸಿದ್ದು ಅವರ ವಿಶೇಷ. ಅಯ್ಯರ್ ಅವರ ಶಾಲೆಯಲ್ಲಿ ಸಾಧನೆ ಮಾಡಿದ ಕಾಲಕ್ಕೆ ಪುಡಿಯ ಡಬ್ಬಿಗಳು ನಮ್ಮ ಪೇಟೆಗೆ ಬಂದಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಮೈಸೂರಿನ ಹಿಟ್ಟು, ಲಂಡನ್ನಿನ ಟೀಕೆ

ಸ್ವಾತಂತ್ರ್ಯದ ನಂತರ ಸಸಾರಜನಕಕ್ಕೆ ಎರಡನೆಯ ಪಟ್ಟಾಭಿಷೇಕವಾಯಿತು. ಬಡ ದೇಶಗಳ ಮಕ್ಕಳು ಸೊರಗಲು ಸಸಾರಜನಕದ ಕೊರತೆಯೇ ಕಾರಣ ಎಂಬ ಅಭಿಪ್ರಾಯ ಜಗತ್ತಿನಾದ್ಯಂತ ಹರಡಿತು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಈ ಕೆಲಸದಲ್ಲಿ ಮುಂದೆ ನಿಂತಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟನ್ನು ಬೆರೆಸಿ, ಜೀವಸತ್ವಗಳನ್ನು ಸೇರಿಸಿ 'ಬಹೂಪಯೋಗಿ ಆಹಾರ'ವನ್ನು ರೂಪಿಸಿತು. ಕಡಲೆಕಾಯಿಯ ಸಸಾರಜನಕ ಬೆರೆಸಿ ಹಾಲನ್ನು ಹಿಗ್ಗಿಸುವ 'ಮಿಲ್ಟೋನ್' ಕೂಡ ಅಲ್ಲಿಯದೇ. ಅಗ್ಗದ ಕಾಳಿನಿಂದ ಉತ್ತಮ ಪೋಷಣೆ ಸಾಧ್ಯ ಎಂಬುದನ್ನು ಈ ಪ್ರಯತ್ನಗಳು ತೋರಿಸಿದವು.

ಆದರೆ ರೋಗದ ಮೂಲ ಬೇರೆಯಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಅವರೂ, ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರೂ ಬೇರೆ ಬೇರೆ ದಾರಿಗಳಿಂದ ಒಂದೇ ಕಡೆ ಬೆರಳು ಮಾಡಿದರು. ಧಾನ್ಯ ಮತ್ತು ಬೇಳೆಯ ನಮ್ಮ ಊಟವನ್ನು ಮಕ್ಕಳು ಹೊಟ್ಟೆ ತುಂಬ ತಿಂದರೆ ಸಸಾರಜನಕವೂ ಬಹುಮಟ್ಟಿಗೆ ಸಿಗುತ್ತದೆ; ಕೊರತೆಯಿರುವುದು ಒಟ್ಟು ಊಟದಲ್ಲೇ ಎಂದರು. ಹೊಟ್ಟೆ ತುಂಬದ ಮಗುವಿಗೆ ಸಸಾರಜನಕದ ಪುಡಿ ಕೊಟ್ಟರೆ ದೇಹ ಅದನ್ನು ಸೌದೆಯಾಗಿ ಉರಿಸಿಬಿಡುತ್ತದೆ. 1974ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಇಡೀ ಪ್ರಕರಣವನ್ನು ಸಸಾರಜನಕದ ಮಹಾ ಎಡವಟ್ಟು ಎಂಬರ್ಥದ ಶೀರ್ಷಿಕೆಯಲ್ಲಿ ಟೀಕಿಸಿದ.

ಹಸಿದ ಮಗುವಿಗೂ ಜಿಮ್ಮಿನ ಯುವಕನಿಗೂ ಏನು ಸಂಬಂಧ ಎಂದು ಕೇಳಬಹುದು. ದೇಹದ ಲೆಕ್ಕ ಇಬ್ಬರಿಗೂ ಒಂದೇ. ಊಟವನ್ನು ತೀರಾ ಕಡಿತ ಮಾಡಿ ಪುಡಿ ಕುಡಿದರೆ, ದುಬಾರಿ ಪುಡಿಯ ಒಂದು ಪಾಲು ಮುದ್ದೆ ಮಾಡಬೇಕಾಗಿದ್ದ ಕೆಲಸವನ್ನೇ ಮಾಡುತ್ತದೆ.

ಕೆಡವಿ ಕಟ್ಟುವ ಗೋಡೆ

ಅಷ್ಟರಲ್ಲಿ ಪ್ರಯೋಗಶಾಲೆಗಳಲ್ಲಿ ಸ್ನಾಯುವಿನ ಒಳಗುಟ್ಟು ಬಿಚ್ಚಿಕೊಂಡಿತ್ತು. 1930ರ ದಶಕದಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ರುಡಾಲ್ಫ್ ಶೋನ್‌ಹೈಮರ್, ಗುರುತು ಹಚ್ಚಿದ ಸಾರಜನಕವನ್ನು ಪ್ರಾಣಿಗಳಿಗೆ ತಿನ್ನಿಸಿ ಅದು ಎಲ್ಲಿ ಹೋಗುತ್ತದೆಂದು ಹಿಂಬಾಲಿಸಿದ. ಬೆಳೆದು ನಿಂತ ದೇಹದ ಅಂಗಾಂಶಗಳೂ ಪ್ರತಿ ದಿನ ಒಡೆಯುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತವೆ ಎಂದು ತಿಳಿಯಿತು. ಕಟ್ಟುವುದು ಹೆಚ್ಚಾದರೆ ಸ್ನಾಯು ಬೆಳೆಯುತ್ತದೆ, ಒಡೆಯುವುದು ಹೆಚ್ಚಾದರೆ ಕ್ಷೀಣಿಸುತ್ತದೆ.

ಕಟ್ಟುವ ಕೆಲಸಕ್ಕೆ ಆದೇಶ ಕೊಡುವುದು ಭಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಗಾಯಗೊಂಡ ಸೈನಿಕರ ಸೊರಗಿದ ತೊಡೆಗಳಿಗೆ ಸ್ವಲ್ಪ ಸ್ವಲ್ಪವೇ ಭಾರ ಏರಿಸುವ ವ್ಯಾಯಾಮ ಮಾಡಿಸಿ, 1945ರಲ್ಲಿ ಅದರ ಫಲವನ್ನು ಪ್ರಕಟಿಸಿದ. ಇಂದು ಜಿಮ್ಮುಗಳಲ್ಲಿ ವಾರವಾರಕ್ಕೂ ತೂಕ ಏರಿಸುವ ಪದ್ಧತಿಗೆ ವೈದ್ಯಕೀಯದ ಮುದ್ರೆ ಬಿದ್ದದ್ದು ಹೀಗೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿ, ಶ್ರಮದಿಂದ ಬರಿದಾಗುವ ಗ್ಲೈಕೊಜನ್ ಎಂಬ ಉಗ್ರಾಣ, ಶರ್ಕರಪಿಷ್ಟ ತಿಂದರೆ ಮತ್ತೆ ತುಂಬುತ್ತದೆ ಎಂದು ತೋರಿಸಿದರು. ಅನ್ನ ಬಿಟ್ಟ ತಮ್ಮನಿಗೆ ಎರಡನೆಯ ಸುತ್ತಿಗೇ ಕೈ ಸೋಲುತ್ತಿದ್ದುದಕ್ಕೆ ಒಂದು ಕಾರಣ ಅಲ್ಲಿರಬೇಕು.

ಪುಡಿಯ ವ್ಯಾಪಾರ ಶುರುವಾದದ್ದು 1950ರ ದಶಕದ ಅಮೆರಿಕದಲ್ಲಿ. ಭಾರ ಎತ್ತುವ ಸಲಕರಣೆ ಮತ್ತು ಪತ್ರಿಕೆ ಎರಡನ್ನೂ ಮಾರುತ್ತಿದ್ದ ಬಾಬ್ ಹಾಫ್‌ಮನ್ ಸೋಯಾ ಹಿಟ್ಟಿನ ಪುಡಿಯನ್ನೂ ಮಾರತೊಡಗಿದ. ಚೀಸ್ ಮಾಡುವಾಗ ಉಳಿಯುವ ಹಾಲೊಡಕಿನ ನೀರಿನಿಂದ ಸಸಾರಜನಕವನ್ನು ಸೋಸಿ ತೆಗೆಯುವ ತಂತ್ರ ಆಮೇಲೆ ಬೆಳೆಯಿತು. ನಮ್ಮ ಮನೆಯ ಕಪ್ಪು ಡಬ್ಬಿಯಲ್ಲಿದ್ದುದು ಅದೇ. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಹಾಲಿನ ಒಂದು ಅಂಶ.

ಇಂದಿನ ತಕ್ಕಡಿ

ಈಗ ವಿಜ್ಞಾನ ಎಲ್ಲಿ ನಿಂತಿದೆ? 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 49 ಅಧ್ಯಯನಗಳನ್ನು, ಒಟ್ಟು 1,863 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿತು. ಭಾರ ಎತ್ತುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಸಸಾರಜನಕದವರೆಗೆ ಪ್ರಯೋಜನವಿದೆ, ಅದರಾಚೆ ಸಾಮಾನ್ಯವಾಗಿ ಸ್ನಾಯು ಹೆಚ್ಚುವುದಿಲ್ಲ ಎಂದು ಅದು ಕಂಡಿತು. ಹೆಚ್ಚುವರಿ ಸಸಾರಜನಕದಿಂದ ಕೊಬ್ಬುರಹಿತ ತೂಕಕ್ಕೆ ಸೇರಿದ್ದು ಸರಾಸರಿ 0.3 ಕಿಲೋ ಮಾತ್ರ. ಉಳಿದದ್ದೆಲ್ಲ ಸಾಧನೆಯ ಫಲ.

ಕೊಬ್ಬು ಕರಗಿಸುವಾಗ ಮಾತ್ರ ಸಸಾರಜನಕದ ತೂಕ ಸ್ವಲ್ಪ ಹೆಚ್ಚಬೇಕು. 2016ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 40 ಯುವಕರ ಊಟದ ಶಕ್ತಿಯನ್ನು ನಾಲ್ಕು ವಾರ ಶೇಕಡ 40ರಷ್ಟು ಕಡಿತ ಮಾಡಿ ಕಠಿಣ ವ್ಯಾಯಾಮ ಮಾಡಿಸಿದರು. ಪ್ರತಿ ಕಿಲೋಗೆ 2.4 ಗ್ರಾಂ ಸಸಾರಜನಕ ತಿಂದವರು 4.8 ಕಿಲೋ ಕೊಬ್ಬು ಕಳೆದುಕೊಂಡು, 1.2 ಕಿಲೋ ಕೊಬ್ಬುರಹಿತ ತೂಕ ಗಳಿಸಿದರು. 1.2 ಗ್ರಾಂ ತಿಂದವರು ಕಳೆದುಕೊಂಡ ಕೊಬ್ಬು 3.5 ಕಿಲೋ, ಅವರ ಸ್ನಾಯು ಬೆಳೆಯಲಿಲ್ಲ, ಆದರೆ ಉಳಿಯಿತು. ಕೊಬ್ಬು ಇಳಿಸುತ್ತಾ ಮೈ ಕಟ್ಟುವುದು ಸಾಧ್ಯವೆಂದಾಯಿತು. ಆದರೆ ಅಷ್ಟು ಕಠಿಣ ಕಡಿತ ಸಂಶೋಧಕರ ಕಣ್ಗಾವಲಿನಲ್ಲಿ ನಡೆದದ್ದು. ಮನೆಯಲ್ಲಿ ನಿಧಾನವೇ ಕ್ಷೇಮ. ನಾರ್ವೆಯ ಕ್ರೀಡಾಪಟುಗಳ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ತೂಕದ ಶೇಕಡ 0.7ರಷ್ಟು ಮಾತ್ರ ಇಳಿಸಿದವರು ಸ್ನಾಯು ಗಳಿಸಿದರು. ಅದರ ಎರಡರಷ್ಟು ವೇಗದಲ್ಲಿ ಇಳಿಸಿದವರಿಗೆ ಆ ಲಾಭ ಸಿಗಲಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. 70 ಕಿಲೋ ತೂಕದ, ವಾರಕ್ಕೆ ಮೂರು ನಾಲ್ಕು ದಿನ ಭಾರ ಎತ್ತುವ ಯುವಕನ ದಿನದ ಖರ್ಚು ಅಂದಾಜು 2,500 ಕ್ಯಾಲೊರಿ ಎಂದಿಟ್ಟುಕೊಳ್ಳಿ. ಕೊಬ್ಬು ಕರಗಲು ಅವನು 2,100 ತಿನ್ನಲಿ. ಸಸಾರಜನಕ ಕಿಲೋಗೆ 1.6ರಂತೆ 112 ಗ್ರಾಂ. ಅದಕ್ಕೆ 448 ಕ್ಯಾಲೊರಿ. ಜಿಡ್ಡು 60 ಗ್ರಾಂ, ಅದಕ್ಕೆ 540. ಉಳಿದ 1,112 ಕ್ಯಾಲೊರಿಗೆ ಶರ್ಕರಪಿಷ್ಟ 278 ಗ್ರಾಂ. ಅಂದರೆ ಹೊಟ್ಟೆ ಕರಗಿಸುವ ತಟ್ಟೆಯಲ್ಲೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಅನ್ನ, ಮುದ್ದೆಯಿಂದಲೇ ಬರುತ್ತದೆ.

ಇದನ್ನು ಅಡುಗೆಮನೆಯ ಭಾಷೆಗೆ ತರಬಹುದು. ತೊಗರಿಬೇಳೆ 75 ಗ್ರಾಂನಲ್ಲಿ ಸುಮಾರು 16 ಗ್ರಾಂ ಸಸಾರಜನಕ, ರಾಗಿಹಿಟ್ಟು 100 ಗ್ರಾಂನಲ್ಲಿ 7, ಅಕ್ಕಿ 100 ಗ್ರಾಂನಲ್ಲಿ 8, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ಬಟ್ಟಲು ಮೊಸರಿನಲ್ಲಿ 6, ಮೂರು ಮೊಟ್ಟೆಯಲ್ಲಿ 18, ಮೊಳಕೆ ಬರಿಸಲು ನೆನೆಹಾಕಿದ 50 ಗ್ರಾಂ ಹೆಸರುಕಾಳಿನಲ್ಲಿ 11, ಒಂದು ಹಿಡಿ ಕಡಲೆಕಾಯಿಯಲ್ಲಿ 5. ಇಷ್ಟಕ್ಕೇ 87 ಗ್ರಾಂ ಆಯಿತು. ಉಳಿದದ್ದರ ಬಹುಪಾಲು 100 ಗ್ರಾಂ ಕೋಳಿಮಾಂಸ ಅಥವಾ 40 ಗ್ರಾಂ ಸೋಯಾದಿಂದ ಸಿಗುತ್ತದೆ. ಬೇಳೆಯಲ್ಲಿ ಕಡಿಮೆಯಿರುವ ಅಮೈನೊ ಆಮ್ಲವನ್ನು ಧಾನ್ಯ ತುಂಬುತ್ತದೆ, ಧಾನ್ಯದಲ್ಲಿ ಕಡಿಮೆಯಿರುವುದನ್ನು ಬೇಳೆ ತುಂಬುತ್ತದೆ. ಅನ್ನಕ್ಕೆ ಸಾರು, ಮುದ್ದೆಗೆ ಉಪ್ಪುಸಾರು ಎಂಬ ಜೋಡಿಯ ಹಿಂದೆ ಈ ಲೆಕ್ಕವೂ ಇದೆ. ಹೈದರಾಬಾದಿನ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಸಸಾರಜನಕದ ಪುಡಿಗಳನ್ನು ಬಳಸದಿರುವಂತೆ ಸಲಹೆ ಕೊಟ್ಟಿದೆ. ಮೂತ್ರಪಿಂಡದ ತೊಂದರೆಯಿರುವವರಂತೂ ವೈದ್ಯರನ್ನು ಕೇಳದೆ ಸಸಾರಜನಕ ಹೆಚ್ಚಿಸಬಾರದು.

ಅಮ್ಮನ ಪ್ರಶ್ನೆಗೆ

ಈಗ ಅಮ್ಮನ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬಹುದು. ಅವರ ಊಟದಲ್ಲಿ ಇತ್ತು. ದುಡಿಸುವ ಸೌದೆ ಧಾರಾಳವಾಗಿತ್ತು. ಕಟ್ಟುವ ಇಟ್ಟಿಗೆ ಸ್ವಲ್ಪ ಕಡಿಮೆಯಿತ್ತು. ಬೇಳೆಯ ಬೆಲೆ ಏರಿದಾಗಲೆಲ್ಲ ನಮ್ಮ ಮನೆಯ ಸಾರು ತೆಳ್ಳಗಾಗುತ್ತಿದ್ದುದು ನನಗೆ ನೆನಪಿದೆ. ದಿನಕ್ಕೆ ಪ್ರತಿ ಕಿಲೋಗೆ 0.83 ಗ್ರಾಂ ಎಂಬ ಸಾಮಾನ್ಯ ಶಿಫಾರಸನ್ನು ಆ ಊಟ ಮುಟ್ಟುತ್ತಿತ್ತೇನೋ. ಭಾರ ಎತ್ತುವವನಿಗೆ ಅದರ ಸುಮಾರು ಎರಡರಷ್ಟು ಬೇಕು. ತಮ್ಮನ ಗುಮಾನಿಯಲ್ಲಿ ಅರ್ಧ ಸತ್ಯವಿತ್ತು, ಅಮ್ಮನ ನೋವಿನಲ್ಲಿ ಉಳಿದರ್ಧ.

ಲೆಕ್ಕದ ಕಾಗದವನ್ನು ನಾನು ಅಮ್ಮನ ಮುಂದೆಯೇ ತಮ್ಮನಿಗೆ ಓದಿ ಹೇಳಿದೆ. ಅನ್ನ ಮತ್ತೆ ತಟ್ಟೆಗೆ ಬಂತು. ಸಾರಿನ ಬದಲು ಗಟ್ಟಿ ತೊವ್ವೆ, ಸಂಜೆಗೆ ಹೆಸರುಕಾಳಿನ ಉಸಲಿ, ರಾತ್ರಿಗೆ ಹಾಲು ಎಂದು ತೀರ್ಮಾನವಾಯಿತು. ಡಬ್ಬಿ ಖಾಲಿಯಾದ ಮೇಲೆ ಇನ್ನೊಂದು ಬರುವುದಿಲ್ಲವಂತೆ. ಆ ದುಡ್ಡಿನಲ್ಲಿ ಬೇಳೆ, ಮೊಟ್ಟೆ ತರುವುದಾಗಿ ತಮ್ಮ ಒಪ್ಪಿದ್ದಾನೆ.

ಒಂದು ವಿಷಯ ಮಾತ್ರ ಆ ಕಾಗದದಲ್ಲಿರಲಿಲ್ಲ. ವಯಸ್ಸು ಏರಿದಂತೆ ಸ್ನಾಯು ಕರಗುವುದು ಹೆಚ್ಚುತ್ತದೆ, ಆಗ ಸಸಾರಜನಕದ ಅಗತ್ಯ ಕಡಿಮೆಯಾಗುವುದಿಲ್ಲ. ಅಂದು ರಾತ್ರಿ ಎಲ್ಲರೂ ಉಂಡೆದ್ದ ಮೇಲೆ ಅಮ್ಮ ತಟ್ಟೆ ಹಾಕಿಕೊಂಡಾಗ ಪಾತ್ರೆಯ ತಳದಲ್ಲಿ ತಿಳಿ ಮಾತ್ರ ಉಳಿದಿತ್ತು. ತಮ್ಮ ಅದನ್ನು ನೋಡಿದ. ಮರುದಿನ ಬೇಳೆ ಅಳೆದು ಹಾಕಿದವನು ಅವನೇ. ಪಾವು ಒಂದರ ಬದಲು ಒಂದೂವರೆ ಹಾಕಿದ. ಅಮ್ಮನನ್ನೂ ನಮ್ಮ ಜೊತೆಗೇ ಊಟಕ್ಕೆ ಕೂರಿಸಿದ.